ಬಡವಾದ ರಾಗಿ ಹೊಲವನ್ನು ಚೇತರಿಸುವುದು ಹೇಗೆ: ಒಂದು ಎಕರೆ ಪುನಶ್ಚೇತನ ಕೃಷಿಗೆ ಸಮಗ್ರ ಮಾರ್ಗದರ್ಶಿ

"ಎರಡು ವರ್ಷ ಜೀವಾಮೃತ ಹಾಕಿದೆವು, ಇಳುವರಿ ಅರ್ಧಕ್ಕೆ ಬಿತ್ತು, ಮತ್ತೆ ಯೂರಿಯಾಕ್ಕೆ ಹೋದೆವು." ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ ಸೀಮೆಯ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸೋತವರಲ್ಲಿ ಬಹುಪಾಲು ಜನ ಮಾಡಿದ ಕೆಲಸಗಳೆಲ್ಲ ಸರಿಯೇ ಇರುತ್ತವೆ, ಅವನ್ನು ಮಾಡಿದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ನೀರು ನಿಲ್ಲಬೇಕು, ಆಮೇಲೆ ನೆಲ ಮುಚ್ಚಬೇಕು, ಆಮೇಲೆ ಬಗೆಬಗೆಯ ಬೇರು ಇಳಿಯಬೇಕು. ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲಸಿಡುವ ಡ್ರಮ್ಮಿನ ಸರದಿ ಅದರ ನಂತರ.

ಇಲ್ಲಿ ಹೇಳುವುದೆಲ್ಲ ಒಂದು ಎಕರೆ ಅಂದರೆ 40 ಗುಂಟೆ ಲೆಕ್ಕದಲ್ಲಿದೆ. ಐದು ಎಕರೆ ಇದ್ದರೂ ಮೊದಲ ವರ್ಷ ಒಂದೇ ಎಕರೆಯಲ್ಲಿ ಮಾಡಿ. ಉಳಿದ ನಾಲ್ಕು ಎಕರೆ ಮನೆಯ ಹೊಟ್ಟೆಗೆ ಭದ್ರವಾಗಿರಲಿ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಸಲಿಕೆ, ಹಾರೆ, ಗುದ್ದಲಿ, ಕುಡುಗೋಲು. ಮಟ್ಟ ನೋಡಲು ಏಳು ಅಡಿ ಉದ್ದದ ಎರಡು ನೇರ ಕೋಲು, ಮೂರೂವರೆ ಅಡಿಯ ಒಂದು ಅಡ್ಡಕೋಲು, ದಾರ, ಒಂದು ಕಲ್ಲು. ನೀರು ಇಂಗುವುದನ್ನು ಅಳೆಯಲು ಆರು ಇಂಚು ವ್ಯಾಸದ, ಅರ್ಧ ಅಡಿ ಉದ್ದದ ಪಿವಿಸಿ ಪೈಪಿನ ತುಂಡು. ಬಿತ್ತಲು ಕೂರಿಗೆ, ಕಳೆಗೆ ಎಡೆಕುಂಟೆ. 200 ಲೀಟರಿನ ಡ್ರಮ್ಮನ್ನು ಈಗಲೇ ಕೊಳ್ಳಬೇಕಿಲ್ಲ.

ಹಂತ 1: ಹೊಲದ ಈಗಿನ ಸ್ಥಿತಿಯನ್ನು ಬರೆದಿಡಿ (ಫೆಬ್ರವರಿ–ಮಾರ್ಚ್)

ಮಣ್ಣಿನ ಮಾದರಿ ತೆಗೆಯಲು ಹೊಲದಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ನಿಲ್ಲಿ. ಮೇಲಿನ ಕಸ ಸರಿಸಿ, 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೆಗೆದು, ಅದರ ಪಕ್ಕದಿಂದ ಒಂದು ಇಂಚು ದಪ್ಪದ ಮಣ್ಣಿನ ಪದರ ಕೆತ್ತಿಕೊಳ್ಳಿ. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಬದುವಿನ ಪಕ್ಕ, ಮರದ ಬುಡ, ಹಳೆಯ ತಿಪ್ಪೆ ಇದ್ದ ಜಾಗದ ಮಣ್ಣು ಬೇಡ. ಅಲ್ಲಿಂದ ಒಂದು ಹಿಡಿ ಸೇರಿದರೂ ವರದಿ ಕೆಡುತ್ತದೆ.

ವರದಿಯಲ್ಲಿ ಮೊದಲು ನೋಡಬೇಕಾದ್ದು ಸಾವಯವ ಇಂಗಾಲ, ಅಂದರೆ ಕೊಳೆತ ಸೊಪ್ಪು, ಬೇರು, ಸಗಣಿಯಿಂದ ಮಣ್ಣು ಸೇರಿದ ಇಂಗಾಲ. 0.5%ಗಿಂತ ಕಡಿಮೆ ಇದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು.

ಇನ್ನು ಮೂರು ಪರೀಕ್ಷೆ ನಿಮ್ಮ ಕೈಯಲ್ಲೇ ಆಗುತ್ತವೆ. ಪೈಪಿನ ತುಂಡನ್ನು ಮೂರು ಇಂಚು ಆಳಕ್ಕೆ ಬಡಿದು 450 ಮಿ.ಲೀ. ನೀರು ಹಾಕಿ. ಇದು ಸುಮಾರು 25 ಮಿ.ಮೀ. ಮಳೆಗೆ ಸಮ. ಮೊದಲ ಸಲದ್ದು ಇಂಗಿದ ಮೇಲೆ ಅಷ್ಟೇ ನೀರನ್ನು ಇನ್ನೊಮ್ಮೆ ಹಾಕಿ ಗಡಿಯಾರ ನೋಡಿ. ಈ ಎರಡನೇ ಸಲದ ಹೊತ್ತೇ ಲೆಕ್ಕ. ಅರ್ಧ ಗಂಟೆ ಮೀರಿತೆಂದರೆ, ತಾಸಿಗೆ 50 ಮಿ.ಮೀ. ಸುರಿಯುವ ಜಡಿಮಳೆಯ ನೀರನ್ನು ನಿಮ್ಮ ನೆಲ ಕುಡಿಯಲಾರದು, ಹರಿಯಬಿಡುತ್ತದೆ.

ಎರಡನೆಯದು, ನಿಂಬೆಹಣ್ಣಿನ ಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಇಳಿಬಿಡುವುದು. ಒಂದೆರಡು ನಿಮಿಷದಲ್ಲೇ ಕುಸಿದು ಕೆಸರಾದರೆ ಆ ಮಣ್ಣನ್ನು ಹಿಡಿದಿಡುವ ಅಂಟು ಸತ್ತುಹೋಗಿದೆ. ಮಳೆ ಬಿದ್ದೊಡನೆ ಅದು ಕರಗಿ, ಒಣಗಿದಾಗ ಹೆಪ್ಪುಗಟ್ಟಿ, ರಾಗಿ ಮೊಳಕೆ ಮೇಲೇಳದಂತೆ ಮಾಡುತ್ತದೆ. ಅದೇ ಹೊಲದ ಬದುವಿನ ಹುಲ್ಲಿನ ಬುಡದಿಂದ ತಂದ ಹೆಂಟೆಯನ್ನು ಪಕ್ಕದ ಲೋಟದಲ್ಲಿ ಬಿಟ್ಟು ನೋಡಿ. ಅದು ಗಂಟೆಗಟ್ಟಲೆ ಇಡಿಯಾಗಿ ನಿಂತಿದ್ದರೆ, ಬೇರು ಸದಾ ಇರುವ ನೆಲಕ್ಕೂ ವರ್ಷಕ್ಕೆ ಆರೇಳು ತಿಂಗಳು ಬೆತ್ತಲೆ ಇರುವ ನೆಲಕ್ಕೂ ಇರುವ ವ್ಯತ್ಯಾಸ ಕಣ್ಣೆದುರೇ ಕಾಣುತ್ತದೆ.

ಮೂರನೆಯದು ಹಾರೆ. ಹದ ಇರುವ ದಿನ ಹಾರೆಯನ್ನು ಕೈಬಲದಲ್ಲೇ ಒತ್ತಿ. ಅರ್ಧ ಅಡಿಯೊಳಗೆ ಕಲ್ಲಿಗೆ ತಾಗಿದ ಹಾಗೆ ನಿಂತರೆ ಅಲ್ಲಿ ರೋಟವೇಟರ್ (ಟ್ರ್ಯಾಕ್ಟರಿಗೆ ಹೂಡಿ ಮಣ್ಣು ಪುಡಿ ಮಾಡುವ ಯಂತ್ರ) ಕಟ್ಟಿದ ಗಟ್ಟಿ ಪದರವಿದೆ. ಆ ಪದರವನ್ನು ಬೇಸಿಗೆಯಲ್ಲಿ, ನೆಲ ಪೂರ್ತಿ ಒಣಗಿರುವಾಗ, ಉಳಿ ನೇಗಿಲಿನಿಂದ ಒಂದೇ ಒಂದು ಸಲ ಒಡೆಸಿ. ಹಸಿ ನೆಲದಲ್ಲಿ ಒಡೆಸಲು ಹೋದರೆ ಪದರ ಬಿರಿಯುವುದಿಲ್ಲ, ಬೆಣ್ಣೆಗೆ ಚಾಕು ಹಾಕಿದಂತೆ ಬರೀ ಗೀರು ಬೀಳುತ್ತದೆ.

ಹಂತ 2: ನೀರು ಕಟ್ಟಿ (ಏಪ್ರಿಲ್ ಮುಗಿಯುವುದರೊಳಗೆ)

ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಎಂದರೆ ನಾಲ್ಕು ಸಾವಿರ ಲೀಟರ್ ನೀರು. 25 ಮಿ.ಮೀ. ಹದಮಳೆಗೆ ಒಂದು ಲಕ್ಷ ಲೀಟರ್. ಅದು ಹರಿದು ಹೋಗುವಾಗ ಹೊಲದ ಅತ್ಯಂತ ಹಗುರ, ಅತ್ಯಂತ ಫಲವತ್ತಾದ ಮಣ್ಣನ್ನೇ ಎತ್ತಿಕೊಂಡು ಹೋಗಿ ಊರ ಕೆರೆಯಲ್ಲಿ ಹೂಳಾಗಿ ಸುರಿಯುತ್ತದೆ. ಹೊಲ ಬಡವಾಗುವುದೂ ಕೆರೆ ತುಂಬದಿರುವುದೂ ಒಂದೇ ಮಳೆಯ ಕೆಲಸ. ಬದು ಕಟ್ಟದೆ ಗೊಬ್ಬರ ಹಾಕಿದರೆ ಆ ಗೊಬ್ಬರವೂ ಕೆರೆಗೇ.

ಎರಡು ಉದ್ದದ ಕೋಲುಗಳ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಕೋಲು ಬಿಗಿದರೆ ಇಂಗ್ಲಿಷಿನ 'ಎ' ಅಕ್ಷರದ ಹಾಗಾಗುತ್ತದೆ. ಮೇಲಿನ ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ಎರಡು ಕಾಲೂರಿ, ಅಡ್ಡಕೋಲಿನ ಮೇಲೆ ದಾರ ಹಾದ ಜಾಗಕ್ಕೆ ಗುರುತು ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಗುಳಿಗಳಲ್ಲಿ ಊರಿ, ಮತ್ತೊಂದು ಗುರುತು ಹಾಕಿ. ಎರಡರ ನಟ್ಟನಡುವಿನ ಗೀಟೇ ಮಟ್ಟ. ಹೊಲದಲ್ಲಿ ಒಂದು ಕಾಲೂರಿ, ದಾರ ಆ ಗೀಟಿನ ಮೇಲೆ ಬರುವ ತನಕ ಇನ್ನೊಂದು ಕಾಲು ಮೇಲೆ ಕೆಳಗೆ ಸರಿಸಿ, ಗೂಟ ಹೊಡೆದುಕೊಂಡು ಮುಂದೆ ಹೋಗಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಮಾಡಿದರೆ ಕಲ್ಲು ತೂಗಾಡುವುದಿಲ್ಲ.

ಇಳಿಜಾರು 100 ಅಡಿಗೆ ಎರಡು ಮೂರು ಅಡಿ ಇದ್ದರೆ ಎಕರೆಗೆ ಇಂಥ ಎರಡು ಸಾಲು ಸಾಕು. ಸಾಲಿನ ಗುಂಟ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, 13 ಅಡಿ ಉದ್ದದ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಕಂದಕಗಳ ನಡುವೆ ಮೂರು ಅಡಿ ತೋಡದೆ ಬಿಡಿ. ಉದ್ದಕ್ಕೂ ಒಂದೇ ಕಾಲುವೆ ಮಾಡಿದರೆ ಎಲ್ಲೋ ಒಂದು ಕಡೆ ತಗ್ಗಾಗಿ ನೀರೆಲ್ಲ ಅಲ್ಲಿಗೇ ನುಗ್ಗಿ ಬದು ಒಡೆಯುತ್ತದೆ. ಎರಡು ಸಾಲಿಗೆ ಸುಮಾರು 24 ಕಂದಕ ಬರುತ್ತವೆ. ಒಂದು ಸಲ ತುಂಬಿದರೆ 26 ಸಾವಿರ ಲೀಟರ್ ನಿಲ್ಲುತ್ತದೆ.

ಕೋಡಿ ಬಿಡುವುದನ್ನು ಮರೆಯುವವರೇ ಹೆಚ್ಚು. ಬದುವಿನ ತಲೆಗಿಂತ ಒಂದು ಅಡಿ ಕೆಳಗೆ, ಕಲ್ಲು ಹಾಸಿ, ಹೆಚ್ಚಾದ ನೀರಿಗೆ ದಾರಿ ಬಿಡಿ. ಮೊದಲ ದೊಡ್ಡ ಮಳೆಯ ಮರುದಿನ ಬದುವಿನ ಮೇಲೆ ನಡೆದು ನೋಡಿ. ಬೆರಳು ತೂರುವಷ್ಟು ಬಿರುಕು ಕಂಡರೂ ಅಂದೇ ತುಳಿದು ಮುಚ್ಚಿ.

ಬದುವಿನ ಮೇಲೆ ಮುಂಗಾರಿನ ಮೊದಲ ಹದಕ್ಕೆ ಗ್ಲಿರಿಸಿಡಿಯಾ ನೆಡಿ. ನಮ್ಮಲ್ಲಿ ಗೊಬ್ಬರದ ಗಿಡ ಎಂದೇ ಹೆಸರು. ಹೊಲದ ಸುತ್ತ ಮೂರು ಅಡಿಗೊಂದರಂತೆ ನೆಟ್ಟರೆ ಸುಮಾರು 280 ಗಿಡ ಬೇಕು. ಒಣ ಸೀಮೆಯಲ್ಲಿ ಕಡ್ಡಿಗಿಂತ ಬೀಜದ ಸಸಿಯೇ ವಾಸಿ, ತಾಯಿಬೇರು ಇಳಿಯುವುದರಿಂದ ಬೇಸಿಗೆ ತಡೆಯುತ್ತದೆ. ಮೂರನೇ ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಬದುವಿನ ಕೆಳ ಅಂಚಿಗೆ ಲಾವಂಚ ಹಾಕಿದರೆ ಮಣ್ಣು ಜಾರುವುದು ನಿಲ್ಲುತ್ತದೆ.

ಹಂತ 3: ಹಸಿರೆಲೆ ಗೊಬ್ಬರ ಬಿತ್ತಿ (ಭರಣಿ ಅಥವಾ ಕೃತ್ತಿಕೆ ಮಳೆ)

ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಮಾತಿದೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ಈ ಮಳೆಯನ್ನು ಬರೀ ಉಳುಮೆಗೆ ಬಳಸಿ ನೆಲವನ್ನು ಬಿಸಿಲಿಗೆ ಬಿಡುವುದೇ ಇಂದಿನ ರೂಢಿ. ಆ ಹದಕ್ಕೆ, ಹಸಿರಿರುವಾಗಲೇ ಮಣ್ಣಿಗೆ ಮಗುಚಿ ಗೊಬ್ಬರ ಮಾಡಲು, ಎಕರೆಗೆ ಈ ಮಿಶ್ರಣ ಬಿತ್ತಿ: ಸೆಣಬು 8 ಕೆಜಿ, ಅಲಸಂದೆ 4 ಕೆಜಿ, ಹುರುಳಿ 3 ಕೆಜಿ, ಸಜ್ಜೆ 1 ಕೆಜಿ, ಹುಚ್ಚೆಳ್ಳು ಅರ್ಧ ಕೆಜಿ. ದೊಡ್ಡ ಕಾಳುಗಳನ್ನು ಮೊದಲು ಚೆಲ್ಲಿ ಕುಂಟೆ ಹೊಡೆಯಿರಿ. ಸಜ್ಜೆ, ಹುಚ್ಚೆಳ್ಳನ್ನು ಒಣ ಮರಳಿನಲ್ಲಿ ಬೆರೆಸಿ ಆಮೇಲೆ ಚೆಲ್ಲಿ, ಮೇಲೊಂದು ಮುಳ್ಳುಕೊಂಬೆ ಎಳೆದರೆ ಸಾಕು. ಎಲ್ಲವನ್ನೂ ಒಂದೇ ಚೀಲದಲ್ಲಿ ಬೆರೆಸಿದರೆ ಸಣ್ಣ ಬೀಜ ತಳಕ್ಕಿಳಿದು ಹೊಲದ ಒಂದೇ ಮೂಲೆಗೆ ಬೀಳುತ್ತದೆ.

ಬಿತ್ತಿ 30 ದಿನಕ್ಕೆ ಒಂದೆರಡು ಅಲಸಂದೆ, ಸೆಣಬಿನ ಗಿಡಗಳನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಕೈಯಲ್ಲಿ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ ಇಲ್ಲ. ಮುಂದಿನ ಸಲ ಬೀಜಕ್ಕೆ ಈ ಗಂಟು ಕಟ್ಟಿಸುವ ಸೂಕ್ಷ್ಮಜೀವಿಯಾದ ರೈಜೋಬಿಯಂ ಲೇಪಿಸಬೇಕು. ಅಲಸಂದೆಗೆ ಅಲಸಂದೆಯ ತಳಿಯ ರೈಜೋಬಿಯಂ ಎಂದೇ ಕೇಳಿ ಪಡೆಯಿರಿ.

ಹಂತ 4: ಮಗುಚುವುದು. ಅತಿ ಹೆಚ್ಚು ಮಂದಿ ಎಡವುವುದು ಇಲ್ಲೇ

ಸೆಣಬು ಹಳದಿ ಹೂ ತೋರಿದ ವಾರದೊಳಗೆ, ಅಂದರೆ 45ರಿಂದ 50 ದಿನಕ್ಕೆ, ಮಗುಚಬೇಕು. "ಇನ್ನೂ ಸ್ವಲ್ಪ ಬೆಳೆಯಲಿ, ಹೆಚ್ಚು ಗೊಬ್ಬರ ಸಿಗುತ್ತೆ" ಎಂಬ ಆಸೆ ಬೇಡ. ಕಾಯಿ ಕಟ್ಟಿದ ಮೇಲೆ ಕಾಂಡ ನಾರಾಗುತ್ತದೆ. ನಾರು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅದನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆ ಹೊಲದ ರಾಗಿ ತಿಂಗಳು ತುಂಬುವ ಮೊದಲೇ ಹಳದಿ ತಿರುಗುತ್ತದೆ, ರೈತ ಹಸಿರೆಲೆ ಗೊಬ್ಬರವನ್ನೇ ಬೈಯುತ್ತಾನೆ.

ಎಷ್ಟು ಸೊಪ್ಪು ಬಂದಿದೆ ಎಂದು ತಿಳಿಯಲು ಒಂದು ಮೀಟರ್ ಉದ್ದಗಲದ ಚೌಕದಲ್ಲಿ ಬುಡಸಮೇತ ಕೊಯ್ದು ತೂಗಿ. ಚೌಕಕ್ಕೆ ಒಂದು ಕೆಜಿ ಬಂದರೆ ಎಕರೆಗೆ ನಾಲ್ಕು ಟನ್. ಮೇ ಮಳೆ ಕೈಕೊಡದಿದ್ದರೆ ಒಣಬೇಸಾಯದಲ್ಲಿ ನಾಲ್ಕೈದು ಟನ್ ಬಂದರೆ ಒಳ್ಳೆಯ ಬೆಳೆಯೇ. ಅದರಲ್ಲಿ ಹದಿನಾರರಿಂದ ಇಪ್ಪತ್ತು ಕೆಜಿ ಸಾರಜನಕ ಇರುತ್ತದೆ, ಆದರೆ ಅಷ್ಟೂ ಅದೇ ವರ್ಷದ ರಾಗಿಗೆ ಸಿಗುವುದಿಲ್ಲ.

ಮೊದಲು ಕೊರಡು ಎಳೆದು ಗಿಡ ಮಲಗಿಸಿ, ಅಥವಾ ಕುಡುಗೋಲಿನಿಂದ ಕೊಯ್ದು ಹಾಸಿ. ಒಂದು ದಿನ ಬಾಡಲಿ. ಆಮೇಲೆ ನಾಲ್ಕೈದು ಇಂಚು ಆಳಕ್ಕೆ ಒಂದೇ ಸಲ ಮಗುಚಿ. ಒಂದು ಅಡಿ ಆಳಕ್ಕೆ ಹೂತರೆ ಗಾಳಿಯಿಲ್ಲದೆ ಹುಳಿನಾತ ಹೊಡೆಯುತ್ತದೆ. ರೋಟವೇಟರನ್ನು ಮತ್ತೆ ಮತ್ತೆ ಓಡಿಸಿ ಹಿಟ್ಟು ಮಾಡಿದರೆ ಹಂತ 1ರಲ್ಲಿ ಲೋಟದ ನೀರಿನಲ್ಲಿ ಕುಸಿದ ಆ ಹೆಂಟೆಯನ್ನೇ ಮತ್ತೆ ತಯಾರಿಸಿದಂತೆ.

ಮಗುಚಿದ ಮೇಲೆ ಹದ ಇರುವಾಗ ಕನಿಷ್ಠ 15 ದಿನ ಬಿಡಿ. ಬೆರಳಿನಿಂದ ಹಿಸುಕಿದರೆ ಕಾಂಡ ಪುಡಿಯಾಗಬೇಕು, ಮಣ್ಣು ಮೊದಲ ಮಳೆಯ ವಾಸನೆ ಕೊಡಬೇಕು. ಅದಕ್ಕೂ ಮೊದಲೇ ಬಿತ್ತಿದರೆ ಕೊಳೆಯುವ ಕಾವಿಗೂ ಬೂಷ್ಟಿಗೂ ಎಳೆ ಮೊಳಕೆ ಸಾಯುತ್ತದೆ. ನಡುವೆ ಮಳೆಯೇ ನಿಂತುಹೋದರೆ ಸೊಪ್ಪು ಒಣಗಿ ಗೆದ್ದಲು ಹತ್ತುತ್ತದೆ. ಆಕಾಶದ ಲಕ್ಷಣ ನೋಡಿ, ಮಳೆ ಇಲ್ಲವೆನಿಸಿದರೆ ಮಗುಚದೆ, ಕೊಯ್ದು ನೆಲದ ಮೇಲೇ ಹೊದಿಕೆಯಾಗಿ ಬಿಡುವುದು ಜಾಣತನ.

ಹಂತ 5: ರಾಗಿ ಮತ್ತು ಅಕ್ಕಡಿ ಸಾಲು (ಪುನರ್ವಸು, ಪುಷ್ಯ ಮಳೆ)

ಈ ಲೆಕ್ಕದಲ್ಲಿ ಬಿತ್ತನೆ ಜುಲೈ ಮಧ್ಯದಿಂದ ಜುಲೈ ಕೊನೆಗೆ ಬರುತ್ತದೆ. ರಾಗಿ ತಳಿಗಳಲ್ಲಿ 110–115 ದಿನದ ಜಿಪಿಯು-28 ಅಥವಾ ಇನ್ನೂ ಸ್ವಲ್ಪ ಬೇಗ ಬರುವ ಎಂಎಲ್-365 ಹೊಂದುತ್ತವೆ. ದೀರ್ಘಾವಧಿ ತಳಿ ಬೇಡ, ಕೊನೆಗೆ ತೆನೆ ಜೊಳ್ಳಾದೀತು. ಕೂರಿಗೆಯಲ್ಲಾದರೆ ಎಕರೆಗೆ 4 ಕೆಜಿ ಬೀಜ, ಸಾಲಿನಿಂದ ಸಾಲಿಗೆ ಒಂದು ಅಡಿ.

ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ. ತೊಗರಿ ಬೇಕೆಂದರೆ ಎಂಟರಿಂದ ಹತ್ತು ಸಾಲಿಗೆ ಎರಡು ಸಾಲು, ಆದರೆ ಬಿತ್ತನೆ ಜುಲೈ ದಾಟುವಂತಿದ್ದರೆ ತೊಗರಿ ಬಿಟ್ಟು ಅವರೆಯನ್ನೇ ಹಾಕಿ. ಅಂಚಿಗೆ ಸಾಸಿವೆ, ಹುಚ್ಚೆಳ್ಳು, ಅಲ್ಲಲ್ಲಿ ಹರಳು. ನಮ್ಮ ಅಜ್ಜಿಯಂದಿರು ಬಿತ್ತುತ್ತಿದ್ದ ಅಕ್ಕಡಿ ಸಾಲು ಇದೇ. ರಾಗಿಯ ಬೇರು ಮೇಲುಮೇಲಿನ ಪದರದಲ್ಲಿ ಹರಡಿದರೆ ತೊಗರಿ, ಹರಳಿನ ಬೇರು ಗಟ್ಟಿ ಪದರವನ್ನೇ ಸೀಳಿ ಕೆಳಗಿಳಿಯುತ್ತದೆ. ಸಾಸಿವೆ, ಹುಚ್ಚೆಳ್ಳಿನ ಹೂವಿಗೆ ಜೇನೂ ಬರುತ್ತದೆ, ಗಿಡದ ಹೇನು ತಿನ್ನುವ ಗುಲಗಂಜಿ ಹುಳವೂ ಬರುತ್ತದೆ.

ಕೊಟ್ಟಿಗೆ ಗೊಬ್ಬರ ಎಕರೆಗೆ 3 ಟನ್, ಪೂರ್ತಿ ಕಳಿತದ್ದು. ಹಸಿ ಸಗಣಿ ಹಾಕಿದರೆ ಜೊತೆಗೆ ಗೊಣ್ಣೆ ಹುಳವೂ ಕಳೆ ಬೀಜವೂ ಹೊಲ ಸೇರುತ್ತವೆ. ಹರಡಿದ ದಿನವೇ ಕುಂಟೆಯಿಂದ ಮಣ್ಣಿಗೆ ಸೇರಿಸಿ. ಬಿಸಿಲಲ್ಲಿ ಗುಡ್ಡೆ ಗುಡ್ಡೆಯಾಗಿ ಬಿಟ್ಟ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಕುರಿ ಮಂದೆ ಹಾಕಿಸಿದರೂ ಇದೇ ಮಾತು.

ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಲ್ಲಿಸಬೇಡಿ. ಇಳುವರಿ ಕುಸಿದು ಜನ ಈ ದಾರಿಯನ್ನೇ ಬಿಡುವುದು ಇದರಿಂದಲೇ. ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 20 ಕೆಜಿ ಸಾರಜನಕದ ಶಿಫಾರಸು ಇದೆ, ಅಂದರೆ 43 ಕೆಜಿ ಯೂರಿಯಾ. ಮೊದಲ ವರ್ಷ ಅದರ ಮುಕ್ಕಾಲು, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲುಭಾಗ. ಒಂದೇ ಸಲ ಸುರಿಯದೆ ಎರಡು ಕಂತಿನಲ್ಲಿ, ಹದ ಇರುವಾಗ, ಸಾಲಿನ ಪಕ್ಕಕ್ಕೆ ಕೊಡಿ. ಬೆಳೆ ಹೀರದೆ ಉಳಿದ ಯೂರಿಯಾದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕೆಜಿ ಇಂಗಾಲದ ಡೈಆಕ್ಸೈಡಿನ 270 ಕೆಜಿಗೂ ಹೆಚ್ಚಿಗೆ ಸಮ. ಅದಕ್ಕೇ ಯೂರಿಯಾ ಚೀಲ ಒಂದು ಕಡಿಮೆಯಾದರೂ ಅದು ಸಣ್ಣ ಸಂಗತಿಯಲ್ಲ.

ಹಂತ 6: ನೆಲ ಮುಚ್ಚಿ

ಬಿತ್ತಿದ ಮೊದಲ ತಿಂಗಳು ಎಡೆಕುಂಟೆಗೆ ಜಾಗ ಬೇಕು. ಎರಡನೇ ಸಲ ಎಡೆ ಹೊಡೆದ ಮೇಲೆ, 30–35 ದಿನಕ್ಕೆ, ಸಾಲುಗಳ ನಡುವೆ ಒಂದು ಇಂಚು ದಪ್ಪ ಹೊದಿಕೆ ಹಾಸಿ. ಎಕರೆಗೆ ಒಂದೂವರೆಯಿಂದ ಎರಡು ಟನ್ ಒಣ ಕಸ ಹಿಡಿಯುತ್ತದೆ.

ಅಷ್ಟು ಕಸ ಎಲ್ಲಿಂದ ತರುವುದು ಎಂಬುದೇ ನಿಜವಾದ ಪ್ರಶ್ನೆ. ರಾಗಿ ಹುಲ್ಲು ದನದ ಬಾಯಿಂದ ಕಸಿದು ನೆಲಕ್ಕೆ ಹಾಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೇವೇ ಮೊದಲು, ಅದು ಗೊಬ್ಬರವಾಗಿ ಹಿಂದಿರುಗುತ್ತದೆ. ಹೊದಿಕೆಗೆ ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ, ಕತ್ತರಿಸಿದ ತೊಗರಿ ಕಡ್ಡಿ, ತೆಂಗಿನ ಗರಿ, ಹೂ ಬಿಡುವ ಮೊದಲು ಕಿತ್ತ ಪಾರ್ಥೇನಿಯಂ ಆದೀತು. ಹೂ ಬಿಟ್ಟ ಪಾರ್ಥೇನಿಯಂ ಬೇಡವೇ ಬೇಡ. ಇಡೀ ಎಕರೆಗೆ ಸಾಲದಿದ್ದರೆ ಎಲ್ಲ ಕಡೆ ತೆಳ್ಳಗೆ ಉದುರಿಸದೆ, ಹತ್ತು ಗುಂಟೆಗೆ ಸರಿಯಾಗಿ ಹಾಸಿ, ಮುಂದಿನ ವರ್ಷ ಪಕ್ಕದ ಹತ್ತು ಗುಂಟೆಗೆ ಹೋಗಿ. ಒಣ ಕಸವನ್ನು ಮಣ್ಣಿನೊಳಗೆ ಮಾತ್ರ ಸೇರಿಸಬೇಡಿ. ಮೇಲಿದ್ದರೆ ತಂಪು ಕೊಡುತ್ತದೆ, ಒಳಹೋದರೆ ಬೆಳೆಯ ಸಾರಜನಕವನ್ನು ಹಿಡಿದಿಡುತ್ತದೆ.

ಉಳುಮೆಯನ್ನೇ ಬಿಡುವುದರ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಮಣ್ಣು ಮಳೆಗೆ ಹೆಪ್ಪುಗಟ್ಟುವ ಸ್ವಭಾವದ್ದು. ಹೊದಿಕೆ ಇಲ್ಲದೆ ಉಳುಮೆ ನಿಲ್ಲಿಸಿದರೆ ನೀರು ಇಂಗುವುದು ಇನ್ನೂ ಕಡಿಮೆಯಾಗುತ್ತದೆ. ನೆಲ ಮುಚ್ಚಿರುವ ಹತ್ತು ಗುಂಟೆಯಲ್ಲಿ ಮೊದಲು ಉಳುಮೆ ಕಡಿಮೆ ಮಾಡಿ.

ಹಂತ 7: ಈಗ ಜೀವಾಮೃತ

200 ಲೀಟರ್ ನೀರು, ನಾಟಿ ಹಸುವಿನ ಸಗಣಿ 10 ಕೆಜಿ, ಗಂಜಲ 5ರಿಂದ 10 ಲೀಟರ್, ಬೆಲ್ಲ 2 ಕೆಜಿ, ದ್ವಿದಳ ಧಾನ್ಯದ ಹಿಟ್ಟು 2 ಕೆಜಿ, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು, ಗೋಣಿ ಹೊದಿಸಿ, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿ. 48 ಗಂಟೆಗೆ ಸಿದ್ಧ, ವಾರದೊಳಗೆ ಮುಗಿಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದೆ ಕೆಟ್ಟಿದೆ, ತಿಪ್ಪೆಗೆ ಸುರಿಯಿರಿ.

ಇದರಲ್ಲಿರುವ ಸಾರಜನಕವನ್ನೆಲ್ಲ ಲೆಕ್ಕ ಹಾಕಿದರೂ ಅರ್ಧ ಕೆಜಿ ಮುಟ್ಟುವುದಿಲ್ಲ. ರಾಗಿಗೆ ಬೇಕಿರುವುದು ಇಪ್ಪತ್ತು. ಆದ್ದರಿಂದ ಇದನ್ನು ಗೊಬ್ಬರವೆಂದು ನಂಬಬೇಡಿ, ಹೆಪ್ಪಿನಂತೆ ನೋಡಿ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗದು. ಹದವಿರುವ, ಕಸ ಮುಚ್ಚಿದ ನೆಲದ ಮೇಲೆ, ಸಂಜೆ ಹೊತ್ತು, ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಕೊಡಿ. ಕಾದ ಒಣ ಮಣ್ಣಿಗೆ ಎರಚಿದರೆ ಬೆಲ್ಲವೂ ದಂಡ, ಶ್ರಮವೂ ದಂಡ.

ಹಂತ 8: ಕಟಾವು, ಬೇಸಿಗೆ

ರಾಗಿಯನ್ನು ಕೊಯ್ಯಿರಿ, ಕೀಳಬೇಡಿ. ಬೇರು ಮಣ್ಣಲ್ಲೇ ಕೊಳೆತು ನೀರಿಳಿಯುವ ಸಣ್ಣ ಕೊಳವೆಗಳಾಗುತ್ತವೆ. ಅವರೆ ಹಿಂಗಾರಿನ ಇಬ್ಬನಿಯಲ್ಲಿ ನಿಂತು ಜನವರಿವರೆಗೂ ನೆಲ ಮುಚ್ಚುತ್ತದೆ. ಕೂಳೆಗೆ, ಬದುವಿನ ಹುಲ್ಲಿಗೆ ಬೆಂಕಿ ಹಾಕಬೇಡಿ. ಬೇಸಿಗೆಯಲ್ಲಿ ಊರ ದನಗಳು ನುಗ್ಗಿ ಹೊದಿಕೆ ತಿಂದುಬಿಡುವುದು ದೊಡ್ಡ ತೊಂದರೆ. ಗ್ಲಿರಿಸಿಡಿಯಾ ಬೇಲಿ ಎದೆಯೆತ್ತರ ಬರುವ ತನಕ ಮುಳ್ಳು ಕಟ್ಟಿ, ಅಕ್ಕಪಕ್ಕದವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಹಂತ 9: ಪ್ರತಿ ವರ್ಷ ಅಳೆಯಿರಿ

ಸಾವಯವ ಇಂಗಾಲ ಬೇಗ ಏರುವುದಿಲ್ಲ. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್ ತೂಗುತ್ತದೆ. ಅದರಲ್ಲಿ ಇಂಗಾಲ 0.4ರಿಂದ 0.5%ಗೆ ಏರಬೇಕಾದರೆ 850 ಕೆಜಿ ಇಂಗಾಲ ಮಣ್ಣಲ್ಲಿ ನೆಲೆಯೂರಬೇಕು. ಗಾಳಿಯಲ್ಲಿದ್ದ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅದು. ನೀವು ಸೇರಿಸಿದ ಸೊಪ್ಪಿನ ಬಹುಪಾಲು ಕೊಳೆತು ಮತ್ತೆ ಗಾಳಿಗೇ ಹೋಗುತ್ತದೆ, ಉಳಿಯುವುದು ಸ್ವಲ್ಪ. ಹಾಗಾಗಿ ಇಂಗಾಲದ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು, ಅದೂ ಅದೇ ತಿಂಗಳು, ಅದೇ ಆಳ.

ನಡುವಿನ ವರ್ಷಗಳಲ್ಲಿ ಪೈಪು, ಲೋಟ, ಎರೆಹುಳದ ಲೆಕ್ಕ ಸಾಕು. ಸೆಪ್ಟೆಂಬರಿನ ಹದದಲ್ಲಿ ಒಂದು ಅಡಿ ಉದ್ದ, ಅಗಲ, ಆಳದ ಮಣ್ಣು ಎತ್ತಿ ಗೋಣಿಯ ಮೇಲೆ ಹರಡಿ ಎಣಿಸಿ. ಹತ್ತು ಎರೆಹುಳ ಸಿಕ್ಕಿದರೆ ಹೊಲ ದಾರಿಗೆ ಬಂದಿದೆ. ಎರಡನೇ ವರ್ಷವೂ ಒಂದೂ ಸಿಗದಿದ್ದರೆ, ಪೈಪಿನ ನೀರು ಇನ್ನೂ ಅರ್ಧ ಗಂಟೆ ನಿಲ್ಲುತ್ತಿದ್ದರೆ, ಹೊದಿಕೆ ತೆಳುವಾಗಿದೆಯೇ, ರೋಟವೇಟರ್ ಇನ್ನೂ ಓಡುತ್ತಿದೆಯೇ ನೋಡಿ. ಎರಡೂ ಸರಿಯಿದ್ದರೆ ಕಂದಕಗಳಲ್ಲಿ ಹೂಳು ತುಂಬಿರಬಹುದು. ಏಪ್ರಿಲ್‌ನಲ್ಲಿ ಅದನ್ನು ಎತ್ತಿ, ಅದೇ ಹೊಲದ ಮೇಲ್ಭಾಗಕ್ಕೆ ಹೊತ್ತು ಹಾಕಿ.